ಮೋಟಾರು ಟ್ರಿಪ್ ಆದಾಗ ಎಲ್ಲಿಂದ ಶುರು ಮಾಡಬೇಕು: ಎಲೆಕ್ಟ್ರೋ-ಮೆಕ್ಯಾನಿಕಲ್ ತಂತ್ರಜ್ಞರಿಗೆ ದೋಷ ಹುಡುಕುವ ಕ್ರಮ

ಯಂತ್ರ ನಿಂತಿದೆ ಎಂದು ಕರೆ ಬಂದರೆ ಎಲೆಕ್ಟ್ರಿಷಿಯನ್ ಪ್ಯಾನೆಲ್ ಬಾಗಿಲು ತೆಗೆಯುತ್ತಾರೆ, ಫಿಟ್ಟರ್ ಸ್ಪ್ಯಾನರ್ ಹಿಡಿದು ಗಾರ್ಡ್ ಬಿಚ್ಚುತ್ತಾರೆ. ಎರಡೂ ಕೆಲಸ ಬಲ್ಲ ಎಲೆಕ್ಟ್ರೋ-ಮೆಕ್ಯಾನಿಕಲ್ ತಂತ್ರಜ್ಞರು ಇವೆರಡರಲ್ಲಿ ಯಾವುದು ಮೊದಲು ಎಂದು ತೀರ್ಮಾನಿಸಬೇಕು. ಓವರ್‌ಲೋಡ್ ರಿಲೇ ಟ್ರಿಪ್ ಆಗಿ ಮೋಟಾರನ್ನು ನಿಲ್ಲಿಸಿತೆಂದ ಮಾತ್ರಕ್ಕೆ ತೊಂದರೆ ವಿದ್ಯುತ್ತಿನದೇ ಆಗಬೇಕಿಲ್ಲ. ಕರೆಂಟ್ ಹೆಚ್ಚಾಯಿತು ಎಂದಷ್ಟೇ ರಿಲೇ ಹೇಳುತ್ತದೆ. ಹೆಚ್ಚಿಸಿದ್ದು ಒಣಗಿದ ಬೇರಿಂಗ್ ಇರಬಹುದು, ವಿಪರೀತ ಬಿಗಿದ ಬೆಲ್ಟ್ ಇರಬಹುದು, ಸುಟ್ಟ ಒಂದು ಫ್ಯೂಸ್ ಇರಬಹುದು. ಅಳೆಯದೆ ಬಿಡಿಭಾಗ ಬದಲಿಸಿದರೆ ಹೊಸ ಮೋಟಾರೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಇಲ್ಲಿ ಉದಾಹರಣೆಗೆ 7.5 ಕಿಲೋವ್ಯಾಟ್, 415 ವೋಲ್ಟ್, ನಿಮಿಷಕ್ಕೆ ಸುಮಾರು 1440 ಸುತ್ತಿನ ಮೂರು ಫೇಸ್ ಇಂಡಕ್ಷನ್ ಮೋಟಾರನ್ನು ಇಟ್ಟುಕೊಳ್ಳೋಣ. ಪವರ್ ಫ್ಯಾಕ್ಟರ್ 0.85, ದಕ್ಷತೆ ಶೇ. 88 ಎಂದು ಹಿಡಿದರೆ ಪೂರ್ಣ ಲೋಡಿನಲ್ಲಿ ಇದು ಸುಮಾರು 14 ಆಂಪಿಯರ್ ಎಳೆಯುತ್ತದೆ. ನಿಮ್ಮ ಮೋಟಾರಿನ ಅಂಕಿ ಅದರ ನೇಮ್‌ಪ್ಲೇಟಿನಲ್ಲೇ ಇದೆ. ಲೆಕ್ಕ ಹಾಕಿದ ಅಂಕಿಗಿಂತ ಅಲ್ಲಿರುವುದನ್ನೇ ನಂಬಿ.

ಬಿಚ್ಚುವ ಮೊದಲು

ಯಂತ್ರ ನಡೆಸುವವರನ್ನು ಮೂರು ಪ್ರಶ್ನೆ ಕೇಳಿ. ಶುರು ಮಾಡಿದ ಕೂಡಲೇ ನಿಂತಿತೇ, ಅರ್ಧ ಗಂಟೆ ಓಡಿ ನಿಂತಿತೇ? ನಿಲ್ಲುವ ಮೊದಲು ಸದ್ದು ಬದಲಾಯಿತೇ? ಇತ್ತೀಚೆಗೆ ಯಾರಾದರೂ ಏನನ್ನಾದರೂ ಬದಲಿಸಿದ್ದಾರೆಯೇ? ಮೊದಲ ಪ್ರಶ್ನೆಯ ಉತ್ತರವೇ ಅರ್ಧ ದಾರಿ ತೋರಿಸುತ್ತದೆ. ಕೂಡಲೇ ಬ್ರೇಕರ್ ಹಾರಿದರೆ ಶಾರ್ಟ್ ಅಥವಾ ಅರ್ತ್ ದೋಷದ ಸಂಶಯ ಪಡಿ. ಕೆಲವು ಸೆಕೆಂಡು ಗುಂಯ್‌ಗುಟ್ಟಿ ಓವರ್‌ಲೋಡ್ ಬಿದ್ದರೆ ಒಂದು ಫೇಸ್ ಇಲ್ಲ, ಇಲ್ಲವೇ ಶಾಫ್ಟ್ ಸಿಕ್ಕಿಕೊಂಡಿದೆ. ಬಹಳ ಹೊತ್ತು ಓಡಿ ನಿಂತರೆ ಲೋಡ್, ಗಾಳಿ ಆಡುವಿಕೆ, ಸಡಿಲ ಜೋಡಣೆ ಇವನ್ನು ನೋಡಬೇಕು.

ಬ್ರೇಕರ್ ಟ್ರಿಪ್ಪಿಗೂ ಓವರ್‌ಲೋಡ್ ಟ್ರಿಪ್ಪಿಗೂ ಇರುವ ವ್ಯತ್ಯಾಸವನ್ನು ಎಂದೂ ಮರೆಯಬಾರದು. ಓವರ್‌ಲೋಡ್ ರಿಲೇಯನ್ನು ತಣ್ಣಗಾದ ಮೇಲೆ ಒಮ್ಮೆ ರೀಸೆಟ್ ಮಾಡಿ, ಕ್ಲ್ಯಾಂಪ್ ಮೀಟರ್ ಹಾಕಿಕೊಂಡು ನೋಡಬಹುದು. ಶಾರ್ಟ್ ಸರ್ಕ್ಯೂಟಿಗೆ ಹಾರಿದ ಬ್ರೇಕರನ್ನು ಮಾತ್ರ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕದೆ ಮತ್ತೆ ಎತ್ತಬೇಡಿ. ಎರಡನೇ ಸಲದ ಶಾರ್ಟ್‌ನಲ್ಲಿ ಪ್ಯಾನೆಲ್ ಎದುರು ನಿಂತಿರುವುದು ನೀವೇ.

ವಿದ್ಯುತ್ ಕಡಿದು ಬೀಗ ಹಾಕುವುದು

1. ನಿಲ್ಲಿಸುವ ಬಟನ್ ಒತ್ತಿ ಯಂತ್ರ ಪೂರ್ತಿ ನಿಂತ ಮೇಲೆ ಮುಖ್ಯ ಐಸೊಲೇಟರ್ ಕೆಳಗಿಳಿಸಿ. ತುರ್ತು ನಿಲುಗಡೆ ಬಟನ್ ಐಸೊಲೇಟರ್ ಅಲ್ಲ. ಅದು ಕಂಟ್ರೋಲ್ ಸರ್ಕ್ಯೂಟನ್ನಷ್ಟೇ ಕಡಿಯುತ್ತದೆ, ಕಾಂಟ್ಯಾಕ್ಟರಿನ (ಮೋಟಾರಿಗೆ ವಿದ್ಯುತ್ ಕೊಟ್ಟು ಕಡಿಯುವ ಸ್ವಿಚ್) ಮೇಲ್ತುದಿಯಲ್ಲಿ 415 ವೋಲ್ಟ್ ಹಾಗೆಯೇ ಇರುತ್ತದೆ.

2. ನಿಮ್ಮದೇ ಬೀಗ ಹಾಕಿ ಕೀಲಿಯನ್ನು ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ. ಹೆಸರು, ಸಮಯ, ಕಾರಣ ಬರೆದ ಚೀಟಿ ತೂಗುಹಾಕಿ. ಇಬ್ಬರು ಕೆಲಸ ಮಾಡುತ್ತಿದ್ದರೆ ಎರಡು ಬೀಗ ಇರಬೇಕು.

3. ಮೀಟರನ್ನು ಮೊದಲು ವಿದ್ಯುತ್ ಇರುವುದು ಖಚಿತವಾದ ಕಡೆ ಇಟ್ಟು ಪರೀಕ್ಷಿಸಿ. ಆಮೇಲೆ ಮೂರು ಫೇಸ್‌ಗಳ ನಡುವೆ, ಪ್ರತಿ ಫೇಸ್ ಮತ್ತು ಅರ್ತ್ ನಡುವೆ, ಒಟ್ಟು ಆರು ಅಳತೆ ತೆಗೆಯಿರಿ. ಕೊನೆಗೆ ಮೀಟರನ್ನು ಮತ್ತೆ ವಿದ್ಯುತ್ ಇರುವ ಕಡೆ ಇಟ್ಟು ನೋಡಿ. ಕೊನೆಯ ಈ ಪರೀಕ್ಷೆಯನ್ನು ಬಿಟ್ಟುಬಿಡುವವರೇ ಹೆಚ್ಚು. ನಡುವೆ ಮೀಟರಿನ ಫ್ಯೂಸ್ ಹೋಗಿದ್ದರೆ ಅದು ತೋರಿಸುವ ಸೊನ್ನೆಗೆ ಬೆಲೆಯಿಲ್ಲ.

4. ಉಳಿದ ಶಕ್ತಿಯನ್ನು ಇಳಿಸಿ. ಗಾಳಿಯ ಒತ್ತಡ ಹೊರಬಿಡಿ, ಎತ್ತಿದ ಭಾರಕ್ಕೆ ಕೆಳಗಿನಿಂದ ಆಸರೆ ಕೊಡಿ, ಸ್ಪ್ರಿಂಗ್ ಸಡಿಲಿಸಿ. ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಡ್ರೈವ್) ಇದ್ದರೆ ಅದರ ಡಿಸಿ ಕೆಪಾಸಿಟರ್‌ಗಳಲ್ಲಿ ಸುಮಾರು 587 ವೋಲ್ಟ್ ಇರುತ್ತದೆ, ಅಂದರೆ 415 ಗುಣಿಸು 1.414. ಡ್ರೈವ್ ಮೇಲೆ ಬರೆದಷ್ಟು ನಿಮಿಷ ಕಾಯಿರಿ. ಆಮೇಲೂ ಡಿಸಿ ಪ್ಲಸ್, ಮೈನಸ್ ತುದಿಗಳ ನಡುವೆ ಅಳೆದು 50 ವೋಲ್ಟಿಗಿಂತ ಕಡಿಮೆ ಎಂದು ಖಚಿತವಾದ ಮೇಲೆಯೇ ಕೈ ಹಾಕಿ. ಡಿಸ್‌ಪ್ಲೇ ಆರಿದೆ ಎಂದರೆ ಕೆಪಾಸಿಟರ್ ಖಾಲಿಯಾಗಿದೆ ಎಂದರ್ಥವಲ್ಲ.

ಶಾಫ್ಟನ್ನು ಕೈಯಲ್ಲಿ ತಿರುಗಿಸಿ

ಬೀಗ ಬಿದ್ದ ಮೇಲೆ ಮಾಡುವ ಮೊದಲ ಪರೀಕ್ಷೆಗೆ ಯಾವ ಮೀಟರೂ ಬೇಡ. ಕಪ್ಲಿಂಗ್ ಅಥವಾ ಪುಲ್ಲಿಯನ್ನು ಕೈಯಿಂದ ಒಂದು ಸುತ್ತು ತಿರುಗಿಸಿ. ಸಲೀಸಾಗಿ ತಿರುಗಿದರೆ ಪ್ಯಾನೆಲ್ ಕಡೆ ಹೋಗಿ. ಬಿಗಿಯಾಗಿದ್ದರೆ, ಒಂದೇ ಜಾಗದಲ್ಲಿ ತಡೆದರೆ, ಗರಗರ ಅನ್ನಿಸಿದರೆ ಕಪ್ಲಿಂಗ್ ಕಳಚಿ ಅಥವಾ ಬೆಲ್ಟ್ ಇಳಿಸಿ, ಮೋಟಾರನ್ನು ಬೇರೆಯಾಗಿ, ಯಂತ್ರವನ್ನು ಬೇರೆಯಾಗಿ ತಿರುಗಿಸಿ ನೋಡಿ. ಹತ್ತು ನಿಮಿಷದ ಈ ಕೆಲಸದಿಂದ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ. ಬ್ರೇಕ್ ಇರುವ ಮೋಟಾರಾದರೆ ಬ್ರೇಕ್ ಬಿಡಿಸಿಕೊಂಡೇ ತಿರುಗಿಸಿ. ಬ್ರೇಕ್ ಕಾಯಿಲಿಗೆ ವಿದ್ಯುತ್ ಕೊಡುವ ರೆಕ್ಟಿಫೈಯರ್ ಸುಟ್ಟರೆ ಬ್ರೇಕ್ ಬಿಡುವುದಿಲ್ಲ. ಮೋಟಾರು ಅದನ್ನು ಎಳೆದುಕೊಂಡೇ ತಿರುಗಲು ಹೆಣಗಿ ಟ್ರಿಪ್ ಆಗುತ್ತದೆ. ಹೊರನೋಟಕ್ಕೆ ಇದು ವೈಂಡಿಂಗ್ ದೋಷದಂತೆಯೇ ಕಾಣುತ್ತದೆ.

ಬೇರ್ಪಡಿಸಿದ ಮೋಟಾರನ್ನು ಲೋಡ್ ಇಲ್ಲದೆ ಓಡಿಸಿ ಕರೆಂಟ್ ಅಳೆಯಿರಿ. ನಾಲ್ಕು ಪೋಲಿನ ಮೋಟಾರು ಖಾಲಿ ಓಡುವಾಗಲೂ ಪೂರ್ಣ ಲೋಡಿನ ಶೇ. 30ರಿಂದ 50ರಷ್ಟು ಕರೆಂಟ್ ಎಳೆಯುವುದು ಸಹಜ. 14 ಆಂಪಿಯರ್ ಮೋಟಾರು ಖಾಲಿಯಾಗಿ 5ರಿಂದ 6 ಆಂಪಿಯರ್ ತೋರಿಸಿ, ಮೂರು ಫೇಸ್‌ಗಳೂ ಸಮನಾಗಿದ್ದರೆ ತಕರಾರು ಬಹುಪಾಲು ಯಂತ್ರದ ಕಡೆಯದು.

ಓವರ್‌ಲೋಡ್ ರಿಲೇ ಏನು ಹೇಳುತ್ತಿದೆ

ರಿಲೇಯ ತಿರುಗುಗುಂಡಿ ನೇಮ್‌ಪ್ಲೇಟಿನ ಕರೆಂಟಿಗೆ ಇದೆಯೇ ನೋಡಿ. ಪದೇ ಪದೇ ಟ್ರಿಪ್ ಆಗುತ್ತದೆಂದು ಯಾರೋ 14ರಿಂದ 18ಕ್ಕೆ ತಿರುಗಿಸಿಟ್ಟಿರುವುದು ಸಾಮಾನ್ಯವಾಗಿ ಸಿಗುವ ದೃಶ್ಯ. ಹಾಗೆ ತಿರುಗಿಸಿದವರು ರಿಲೇಯ ಬಾಯಿ ಮುಚ್ಚಿಸಿದ್ದಾರೆ, ಶಾಖ ವೈಂಡಿಂಗಿನೊಳಗೆ ಏರುತ್ತಲೇ ಇರುತ್ತದೆ. ವೈಂಡಿಂಗಿನ ಉಷ್ಣತೆ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಹೆಚ್ಚಿದಂತೆ ಇನ್ಸುಲೇಷನ್ನಿನ ಆಯುಸ್ಸು ಸರಿಸುಮಾರು ಅರ್ಧಕ್ಕೆ ಇಳಿಯುತ್ತದೆ. ಕ್ಲಾಸ್ ಎಫ್ ಇನ್ಸುಲೇಷನ್ನಿಗೆ 155 ಡಿಗ್ರಿ ಮಿತಿ.

ವೈಂಡಿಂಗನ್ನು ಮೊದಲು ಸ್ಟಾರ್, ಆಮೇಲೆ ಡೆಲ್ಟಾ ಜೋಡಣೆಗೆ ತರುವ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ಇದೇ ಫಲ ಕೊಡುವ ಇನ್ನೊಂದು ತಪ್ಪು ನಡೆಯುತ್ತದೆ. ರಿಲೇ ಮುಖ್ಯ ಕಾಂಟ್ಯಾಕ್ಟರಿನ ಕೆಳಗೆ ವೈಂಡಿಂಗ್ ಸಾಲಿನಲ್ಲಿದ್ದರೆ ಅದರ ಮೂಲಕ ಹರಿಯುವುದು ಲೈನ್ ಕರೆಂಟಿನ 0.58 ಭಾಗ ಮಾತ್ರ. ಆಗ 14 ಆಂಪಿಯರ್ ಮೋಟಾರಿಗೆ 8.1 ಆಂಪಿಯರ್ ಇಡಬೇಕು. ಅಲ್ಲಿಯೂ 14 ಎಂದೇ ಇಟ್ಟರೆ ಮೋಟಾರಿಗೆ ರಕ್ಷಣೆಯೇ ಇಲ್ಲದಂತಾಗುತ್ತದೆ.

ರಿಲೇಯ ಟ್ರಿಪ್ ಕ್ಲಾಸನ್ನೂ ಗಮನಿಸಿ. ಕ್ಲಾಸ್ 10 ರಿಲೇ ತಣ್ಣಗಿರುವಾಗ, ಇಟ್ಟ ಕರೆಂಟಿನ 7.2 ಪಟ್ಟು ಹರಿದರೆ 10 ಸೆಕೆಂಡಿನೊಳಗೆ ಬೀಳುತ್ತದೆ. ದೊಡ್ಡ ಫ್ಯಾನ್, ಫ್ಲೈವೀಲ್ ಇರುವ ಪ್ರೆಸ್ ಮುಂತಾದವು ಪೂರ್ತಿ ವೇಗಕ್ಕೆ ಬರಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗಬಹುದು. ಅಂಥ ಕಡೆ ಕ್ಲಾಸ್ 20 ಬೇಕು. ಗುಂಡಿ ತಿರುಗಿಸಿ ಕರೆಂಟ್ ಏರಿಸುವುದು ಪರಿಹಾರವಲ್ಲ.

ಮೂರು ಫೇಸ್, ಮೂರು ಅಳತೆ

ಲೋಡ್ ಹಾಕಿ ಓಡಿಸಿ ಮೂರೂ ಫೇಸ್‌ಗಳ ವೋಲ್ಟೇಜನ್ನು ಮೋಟಾರಿಗೆ ಹತ್ತಿರದಲ್ಲಿ ಅಳೆಯಿರಿ, ಮೂರೂ ಕರೆಂಟನ್ನೂ ಬರೆದುಕೊಳ್ಳಿ. ಒಂದೇ ಫೇಸ್ ಅಳೆದು ಮುಗಿಸಿದರೆ ಏನೂ ತಿಳಿಯುವುದಿಲ್ಲ. 415, 408, 400 ಬಂತೆನ್ನಿ. ಸರಾಸರಿ 407.7. ಅದರಿಂದ ಅತಿ ದೂರ ಇರುವುದು 400, ಅಂತರ 7.7. ಅಂದರೆ ಅಸಮತೋಲನ ಸುಮಾರು ಶೇ. 1.9. ಇಷ್ಟೇ ತಾನೆ ಎಂದು ಬಿಡಬೇಡಿ. ಕರೆಂಟಿನ ಅಸಮತೋಲನ ವೋಲ್ಟೇಜಿನದಕ್ಕಿಂತ 6ರಿಂದ 10 ಪಟ್ಟು ಇರಬಹುದು. ವೋಲ್ಟೇಜ್ ಅಸಮತೋಲನ ಶೇ. 1ರೊಳಗೆ ಇದ್ದರೆ ಒಳ್ಳೆಯದು, ಶೇ. 5 ದಾಟಿದರೆ ಮೋಟಾರನ್ನು ಓಡಿಸಲೇಬಾರದು.

ಅಸಮತೋಲನ ಸಪ್ಲೈಯದೋ ಮೋಟಾರಿನದೋ ತಿಳಿಯಲು ಒಂದು ಸುಲಭ ಉಪಾಯವಿದೆ. ವಿದ್ಯುತ್ ಕಡಿದು, ಮೋಟಾರಿನ ಮೂರು ತಂತಿಗಳನ್ನೂ ಒಂದೊಂದು ಸ್ಥಾನ ಮುಂದಕ್ಕೆ ಸರಿಸಿ: ಮೊದಲನೆಯದು ಎರಡನೆಯ ಜಾಗಕ್ಕೆ, ಎರಡನೆಯದು ಮೂರನೆಯ ಜಾಗಕ್ಕೆ, ಮೂರನೆಯದು ಮೊದಲಿನ ಜಾಗಕ್ಕೆ. ಮೂರನ್ನೂ ಸರಿಸಿದ್ದರಿಂದ ತಿರುಗುವ ದಿಕ್ಕು ಬದಲಾಗುವುದಿಲ್ಲ. ಮತ್ತೆ ಅಳೆಯಿರಿ. ಹೆಚ್ಚಿನ ಕರೆಂಟ್ ಹಿಂದಿನ ಸಪ್ಲೈ ಫೇಸಿನಲ್ಲೇ ಉಳಿದರೆ ತಪ್ಪು ಸಪ್ಲೈಯಲ್ಲಿ ಇಲ್ಲವೇ ಪ್ಯಾನೆಲಿನಲ್ಲಿ. ಅದು ಮೋಟಾರಿನ ತಂತಿಯ ಜೊತೆ ಸರಿದರೆ ಮೋಟಾರಿನಲ್ಲಿ ಅಥವಾ ಅದರ ಕೇಬಲಿನಲ್ಲಿ.

ಒಂದು ಫೇಸ್ ಪೂರ್ತಿ ಹೋದರೆ ನಿಂತ ಮೋಟಾರು ತಿರುಗದೆ ಗುಂಯ್‌ಗುಟ್ಟುತ್ತದೆ. ಓಡುತ್ತಿದ್ದ ಮೋಟಾರು ಮಾತ್ರ ಓಡುತ್ತಲೇ ಇರುತ್ತದೆ, ಉಳಿದ ಎರಡು ಫೇಸ್‌ಗಳ ಕರೆಂಟ್ ಸುಮಾರು 1.7 ಪಟ್ಟಿಗೆ ಏರುತ್ತದೆ. ಸುಟ್ಟ ಸ್ಟಾರ್ ಮೋಟಾರನ್ನು ಬಿಚ್ಚಿದಾಗ ಎರಡು ಫೇಸಿನ ಸುರುಳಿಗಳು ಕಪ್ಪಾಗಿ, ಮೂರನೆಯದು ಹೊಸದರಂತೆ ಹೊಳೆಯುತ್ತಿದ್ದರೆ ಕಾರಣ ಇದೇ. ಡೆಲ್ಟಾ ಮೋಟಾರಿನಲ್ಲಾದರೆ ಒಂದೇ ಫೇಸ್ ಕಪ್ಪಾಗಿರುತ್ತದೆ. ರಿವೈಂಡಿಂಗಿಗೆ ಕಳಿಸುವ ಮುನ್ನ ಈ ಗುರುತಿನ ಚಿತ್ರ ತೆಗೆದಿಟ್ಟುಕೊಳ್ಳಿ.

ಕಾಂಟ್ಯಾಕ್ಟರ್ ಮತ್ತು ಟರ್ಮಿನಲ್ ಬಾಕ್ಸ್

ಕಾಂಟ್ಯಾಕ್ಟರ್ ಕಟಕಟ ಎಂದು ಬಡಿದುಕೊಳ್ಳುತ್ತಿದ್ದರೆ ಕಾಯಿಲಿನ ಎ1, ಎ2 ತುದಿಗಳ ನಡುವೆ, ಅದು ಎಳೆಯುವ ಕ್ಷಣದಲ್ಲೇ ವೋಲ್ಟೇಜ್ ಅಳೆಯಿರಿ. ಖಾಲಿ ಇದ್ದಾಗ 230 ತೋರಿಸಿ ಎಳೆಯುವಾಗ 170ಕ್ಕೆ ಕುಸಿದರೆ ಕಾಯಿಲ್ ಸರಿ ಇದೆ. ಕಂಟ್ರೋಲ್ ಟ್ರಾನ್ಸ್‌ಫಾರ್ಮರ್ ಸಾಲದು ಅಥವಾ ದಾರಿಯಲ್ಲಿ ಯಾವುದೋ ಜೋಡಣೆ ಸಡಿಲವಾಗಿದೆ. ವೋಲ್ಟೇಜ್ ಸರಿಯಿದ್ದೂ ಜೋರಾಗಿ ಗುಂಯ್ ಎಂದರೆ ಕಬ್ಬಿಣದ ಮುಖಗಳ ನಡುವೆ ಧೂಳು, ಇಲ್ಲವೇ ಶೇಡಿಂಗ್ ರಿಂಗ್ ಮುರಿದಿದೆ. ಕಾಯಿಲಿಗೆ ವಿದ್ಯುತ್ತೇ ಬರದಿದ್ದರೆ ಓವರ್‌ಲೋಡಿನ 95-96 ಕಾಂಟ್ಯಾಕ್ಟಿನಿಂದ ಹುಡುಕಾಟ ಆರಂಭಿಸಿ. ಅದು ಟ್ರಿಪ್ ಆದಾಗ ತೆರೆದುಕೊಳ್ಳುವ ಕಾಂಟ್ಯಾಕ್ಟ್. 97-98 ಎಚ್ಚರಿಕೆ ದೀಪಕ್ಕೆ.

ಮುಖ್ಯ ಕಾಂಟ್ಯಾಕ್ಟುಗಳು ಎಷ್ಟು ಸವೆದಿವೆ ಎಂದು ಕಣ್ಣಿನಿಂದ ಅಂದಾಜು ಮಾಡಬೇಡಿ. ಕಪ್ಪಾಗಿದ್ದೂ ಚೆನ್ನಾಗಿರುವ ಬೆಳ್ಳಿ ಮಿಶ್ರಲೋಹದ ಕಾಂಟ್ಯಾಕ್ಟುಗಳು ಬೇಕಾದಷ್ಟು. ಅವನ್ನು ಅರದಿಂದ ಉಜ್ಜಿದರೆ ಆ ಪದರವೇ ಹೋಗುತ್ತದೆ. ಲೋಡ್ ಇರುವಾಗ ಪ್ರತಿ ಪೋಲಿನ ಮೇಲ್ತುದಿ-ಕೆಳತುದಿ ನಡುವೆ ಮಿಲಿವೋಲ್ಟ್ ಅಳೆದು ಮೂರನ್ನೂ ಹೋಲಿಸಿ. ಒಂದು ಉಳಿದೆರಡಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದ್ದರೆ ಅದೇ ಕೆಟ್ಟದ್ದು. ಇದು ಚಾಲೂ ಪ್ಯಾನೆಲಿನಲ್ಲಿ ಮಾಡುವ ಅಳತೆಯಾದ್ದರಿಂದ ಇನ್ಸುಲೇಟೆಡ್ ಕೈಗವಸು, ಮುಖಕವಚ, ಕ್ಯಾಟ್ 3 ದರ್ಜೆಯ ಮೀಟರ್ ಇಲ್ಲದೆ ಬೇಡ.

ಟರ್ಮಿನಲ್ ಬಾಕ್ಸಿನಲ್ಲಿ ಲಿಂಕ್ ಪಟ್ಟಿಗಳನ್ನು ನೋಡಿ. ನೇಮ್‌ಪ್ಲೇಟಿನಲ್ಲಿ ಡೆಲ್ಟಾ/ಸ್ಟಾರ್ 400/690 ಎಂದಿದ್ದರೆ 400 ವೋಲ್ಟ್ ವರ್ಗದ ಸಪ್ಲೈಗೆ ಡೆಲ್ಟಾ, 230/400 ಎಂದಿದ್ದರೆ ಸ್ಟಾರ್. ಎರಡನೆಯದನ್ನು ತಪ್ಪಿ ಡೆಲ್ಟಾದಲ್ಲಿ ಜೋಡಿಸಿದರೆ ಮೋಟಾರು ಬಹುಬೇಗ ಸುಟ್ಟುಹೋಗುತ್ತದೆ. ಮೊದಲನೆಯದನ್ನು ಸ್ಟಾರ್‌ನಲ್ಲಿ ಜೋಡಿಸಿದರೆ ಖಾಲಿ ಚೆನ್ನಾಗಿಯೇ ಓಡಿ, ಲೋಡ್ ಬಂದಾಗ ಸೋಲುತ್ತದೆ. ಅಲ್ಲಿ ಟಾರ್ಕ್ ಮೂರನೆಯ ಒಂದು ಭಾಗಕ್ಕೆ ಇಳಿದಿರುತ್ತದೆ.

ಮೆಗ್ಗರ್

415 ವೋಲ್ಟಿನ ಮೋಟಾರಿಗೆ 500 ವೋಲ್ಟಿನ ಮೆಗ್ಗರ್. ವಿಎಫ್‌ಡಿ, ಸಾಫ್ಟ್ ಸ್ಟಾರ್ಟರ್ ಇದ್ದರೆ ಮೋಟಾರಿನ ತಂತಿಗಳನ್ನು ಅದರಿಂದ ಮೊದಲು ಕಳಚಿ, ಇಲ್ಲದಿದ್ದರೆ ಡ್ರೈವಿನ ಸೆಮಿಕಂಡಕ್ಟರ್‌ಗಳು ಹೋಗುತ್ತವೆ. ವೈಂಡಿಂಗ್ ಮತ್ತು ಬಾಡಿ ನಡುವೆ ಒಂದು ನಿಮಿಷ ಹಿಡಿದು ಓದಿ. ಐಇಇಇ 43 ಮಾನದಂಡದ ಪ್ರಕಾರ ಇಂಥ ಸಣ್ಣ ವೋಲ್ಟೇಜ್ ಮೋಟಾರಿಗೆ 40 ಡಿಗ್ರಿಯಲ್ಲಿ ಕನಿಷ್ಠ 5 ಮೆಗಾಓಮ್ ಬೇಕು. ಒಳ್ಳೆಯ ಮೋಟಾರು ನೂರಾರು ತೋರಿಸುತ್ತದೆ. ಬಿಸಿ ಮೋಟಾರಿನಲ್ಲಿ ಅಳತೆ ಕಡಿಮೆ ಬರುತ್ತದೆ, 10 ಡಿಗ್ರಿ ಏರಿದರೆ ಸುಮಾರು ಅರ್ಧ. ಹಾಗಾಗಿ ಉಷ್ಣತೆಯನ್ನೂ ಪಕ್ಕದಲ್ಲಿ ಬರೆದಿಡಿ. ಮುಗಿದ ಮೇಲೆ ವೈಂಡಿಂಗನ್ನು ಅರ್ತ್‌ಗೆ ತಾಗಿಸಿ ಚಾರ್ಜ್ ಇಳಿಸಿ.

ತೇವದಿಂದ ಕುಸಿದಿದ್ದರೆ ಬೆಚ್ಚಗಿನ ಗಾಳಿಯಲ್ಲಿ ಒಣಗಿಸಿ. ಒಣಗುವಾಗ ಅಳತೆ ಮೊದಲು ಇನ್ನೂ ಇಳಿದು ಆಮೇಲೆ ಏರುತ್ತದೆ. ಇಳಿಯಿತೆಂದು ಹೆದರಿ ಕೈಬಿಡಬೇಡಿ. ಮೆಗ್ಗರ್ ಚೆನ್ನಾಗಿ ತೋರಿಸಿದರೂ ಒಂದೇ ಸುರುಳಿಯ ಸುತ್ತುಗಳ ನಡುವಿನ ಶಾರ್ಟ್ ಅದಕ್ಕೆ ಕಾಣುವುದಿಲ್ಲ. ಅದಕ್ಕೆ ಮೂರು ವೈಂಡಿಂಗುಗಳ ತುದಿಗಳಾದ ಯು1-ಯು2, ವಿ1-ವಿ2, ಡಬ್ಲ್ಯೂ1-ಡಬ್ಲ್ಯೂ2 ರೆಸಿಸ್ಟೆನ್ಸ್ ಹೋಲಿಸಬೇಕು. ಒಂದೆರಡು ಓಮ್‌ಗಿಂತ ಕಡಿಮೆ ಇರುವ ಕಡೆ ಸಾಮಾನ್ಯ ಮಲ್ಟಿಮೀಟರಿನ ತಂತಿಯ ರೆಸಿಸ್ಟೆನ್ಸೇ ಅಳತೆಯನ್ನು ಕೆಡಿಸುತ್ತದೆ. ನಾಲ್ಕು ತಂತಿಯ ಮಿಲಿಓಮ್ ಮೀಟರ್ ಬಳಸಿ. ಟರ್ಮಿನಲ್ ಬಾಕ್ಸಿನಲ್ಲಿ ವೈಂಡಿಂಗಿನ ಉಷ್ಣತೆ ಗ್ರಹಿಸುವ ಪಿಟಿಸಿ ಥರ್ಮಿಸ್ಟರ್ ತಂತಿಗಳಿದ್ದರೆ ಅವುಗಳಿಗೆ ಮೆಗ್ಗರ್ ಎಂದೂ ತಾಗಬಾರದು. 2.5 ವೋಲ್ಟ್ ಮೀರಿದರೆ ಅವು ಹಾಳಾಗುತ್ತವೆ.

ಬೇರಿಂಗ್

ಮೋಟಾರುಗಳು ಕೆಡುವುದು ಬೇರಿಂಗಿನಿಂದಲೇ ಹೆಚ್ಚು. ಹಾಗಿದ್ದೂ ಹಳೆಯದನ್ನು ಬಡಿದು ತೆಗೆದು, ಹೊಸದನ್ನು ಬಡಿದು ಕೂರಿಸಿ ಮುಗಿಸುವ ರೂಢಿ ಹೋಗಿಲ್ಲ. ಹಳೆಯ ಬೇರಿಂಗನ್ನು ಎಸೆಯುವ ಮೊದಲು ಕತ್ತರಿಸಿ ಒಳಗಿನ ಓಟದ ಹಾದಿಯನ್ನು ನೋಡಿ. ಕಾರಣ ಅಲ್ಲಿ ಬರೆದಿಟ್ಟಂತೆ ಇರುತ್ತದೆ. ಗುಂಡುಗಳ ಅಂತರಕ್ಕೆ ಸರಿಯಾಗಿ ಕುಳಿಗಳಿದ್ದರೆ ಕೂರಿಸುವಾಗ ಬಡಿದ ಪೆಟ್ಟು. ಇಡೀ ಹಾದಿಯಲ್ಲಿ ಬಟ್ಟೆ ಒಗೆಯುವ ಹಲಗೆಯಂಥ ಸಮಾನಾಂತರ ಗೆರೆಗಳಿದ್ದರೆ ವಿಎಫ್‌ಡಿಯಿಂದ ಶಾಫ್ಟ್ ಮೂಲಕ ಹರಿದ ಕರೆಂಟ್. ಅದಕ್ಕೆ ಶಾಫ್ಟ್ ಅರ್ತಿಂಗ್ ರಿಂಗ್ ಅಥವಾ ಇನ್ಸುಲೇಟೆಡ್ ಬೇರಿಂಗ್ ಬೇಕು, ಅಂಥದ್ದೇ ಇನ್ನೊಂದನ್ನು ಹಾಕಿದರೆ ಅದೂ ಉಳಿಯದು. ಓರೆಯಾಗಿ ಸಾಗಿದ ಸವೆತ ಅಲೈನ್‌ಮೆಂಟ್ ತಪ್ಪಿದ್ದನ್ನು ಹೇಳುತ್ತದೆ.

ಸಂಖ್ಯೆಯನ್ನು ಪೂರ್ತಿ ಓದಿ. 6308ರ ಕೊನೆಯ ಎರಡು ಅಂಕಿಯನ್ನು 5ರಿಂದ ಗುಣಿಸಿದರೆ ಒಳವ್ಯಾಸ, 40 ಮಿಲಿಮೀಟರ್. (04ರಿಂದ ಮೇಲಕ್ಕೆ ಈ ಲೆಕ್ಕ. 00, 01, 02, 03ಕ್ಕೆ ಕ್ರಮವಾಗಿ 10, 12, 15, 17.) ಅದರ ಹಿಂದೆ ಸಿ3 ಎಂದಿದ್ದರೆ ಒಳಗಿನ ಸಡಿಲ ಸಾಮಾನ್ಯಕ್ಕಿಂತ ಹೆಚ್ಚು. ಮೋಟಾರು ಬಿಸಿಯಾದಾಗ ಒಳರಿಂಗ್ ಹಿಗ್ಗಿ ಬಿಗಿಯಾಗದಿರಲೆಂದು ಅದು ಬೇಕು. ಸಿ3 ಸಿಗಲಿಲ್ಲವೆಂದು ಸಾಮಾನ್ಯದ್ದನ್ನು ಹಾಕಿದರೆ ಅದು ಬಿಸಿಯಾಗಿಯೇ ಸಾಯುತ್ತದೆ.

ಶಾಫ್ಟ್ ಮೇಲೆ ಕೂರಿಸುವಾಗ ಒತ್ತಡ ಒಳರಿಂಗಿನ ಮೇಲೆ ಮಾತ್ರ ಬೀಳಬೇಕು. ಇಂಡಕ್ಷನ್ ಹೀಟರಿನಲ್ಲಿ 110 ಡಿಗ್ರಿಗೆ ಬಿಸಿ ಮಾಡಿ ಜಾರಿಸುವುದು ಉತ್ತಮ, 120 ದಾಟಬಾರದು. ಎರಡೂ ಬದಿ ಮುಚ್ಚಿ ಗ್ರೀಸ್ ತುಂಬಿಯೇ ಬರುವವಕ್ಕೆ 80 ಡಿಗ್ರಿ ಮಿತಿ. ಗ್ಯಾಸ್ ಬೆಂಕಿ ಹಿಡಿಯಲೇಬೇಡಿ. ಕೂತ ಮೇಲೆ ತಣ್ಣಗಾಗುವವರೆಗೆ ಭುಜಕ್ಕೆ ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಕುಗ್ಗುವಾಗ ಸಣ್ಣ ಸಂದು ಉಳಿದುಬಿಡುತ್ತದೆ.

ಮತ್ತೆ ಗ್ರೀಸ್ ಹಾಕುವ ಪ್ರಮಾಣಕ್ಕೆ ಸರಳ ಲೆಕ್ಕ: ಹೊರವ್ಯಾಸ ಗುಣಿಸು ಅಗಲ ಗುಣಿಸು 0.005, ಉತ್ತರ ಗ್ರಾಂನಲ್ಲಿ. 6308ಕ್ಕೆ 90 × 23 × 0.005, ಅಂದರೆ ಸುಮಾರು 10 ಗ್ರಾಂ. ನಿಮ್ಮ ಗ್ರೀಸ್ ಗನ್ ಒಂದು ಒತ್ತಿಗೆ ಎಷ್ಟು ಗ್ರಾಂ ಹಾಕುತ್ತದೆ ಎಂದು ಒಮ್ಮೆ ತಕ್ಕಡಿಯಲ್ಲಿ ತೂಗಿ ತಿಳಿದುಕೊಳ್ಳಿ. ಹೆಚ್ಚು ಗ್ರೀಸ್ ಹಾಕಿದರೆ ಗುಂಡುಗಳು ಅದನ್ನು ಕಡೆಯುತ್ತಾ ಬಿಸಿಯಾಗುತ್ತವೆ, ಮಿಕ್ಕದ್ದು ವೈಂಡಿಂಗಿಗೆ ನುಗ್ಗುತ್ತದೆ. ಲಿಥಿಯಂ ಗ್ರೀಸ್ ಇರುವಲ್ಲಿ ಪಾಲಿಯೂರಿಯಾ ಬೆರೆಸಿದರೆ ಎರಡೂ ತೆಳುವಾಗಿ ಹರಿದುಹೋಗಬಹುದು.

ಅಲೈನ್‌ಮೆಂಟ್ ಮತ್ತು ಬೆಲ್ಟ್

ಅಲೈನ್‌ಮೆಂಟಿಗೆ ಮೊದಲು ಮೋಟಾರಿನ ನಾಲ್ಕು ಪಾದಗಳೂ ತಳಹದಿಗೆ ಸಮನಾಗಿ ಕೂತಿವೆಯೇ ನೋಡಿ. ಎಲ್ಲ ಬೋಲ್ಟ್ ಬಿಗಿದು, ಒಂದೊಂದನ್ನೇ ಸಡಿಲಿಸಿ, ಡಯಲ್ ಗೇಜಿನಲ್ಲಿ ಪಾದ ಎಷ್ಟು ಏಳುತ್ತದೆ ಗಮನಿಸಿ. 0.05 ಮಿಲಿಮೀಟರಿಗಿಂತ ಹೆಚ್ಚು ಎದ್ದರೆ ಅಷ್ಟು ದಪ್ಪದ ಶಿಮ್ (ತೆಳು ಲೋಹದ ಹಾಳೆ) ಕೊಡಿ. ಇದನ್ನು ಬಿಟ್ಟು ಲೇಸರ್ ಹಿಡಿದರೆ ಬೋಲ್ಟ್ ಬಿಗಿದಂತೆಲ್ಲ ಅಳತೆ ಓಡಾಡುತ್ತದೆ. ಒಂದು ಪಾದದ ಕೆಳಗೆ ಮೂರ‍್ನಾಲ್ಕಕ್ಕಿಂತ ಹೆಚ್ಚು ಶಿಮ್ ಪೇರಿಸಬೇಡಿ, ಅದು ಸ್ಪ್ರಿಂಗಿನಂತೆ ಆಡುತ್ತದೆ. ಮೊದಲು ಎತ್ತರ, ಆಮೇಲೆ ಅಡ್ಡ ದಿಕ್ಕು. 1500 ಸುತ್ತಿನ ಯಂತ್ರಕ್ಕೆ ಶಾಫ್ಟುಗಳ ಅಂತರ 0.1 ಮಿಲಿಮೀಟರಿನೊಳಗೆ ತನ್ನಿ, ಸಾಧ್ಯವಾದರೆ 0.05ಕ್ಕೆ.

ವಿ-ಬೆಲ್ಟ್ ಇದ್ದರೆ ಎರಡು ಪುಲ್ಲಿಗಳ ಮುಖಕ್ಕೆ ನೇರಪಟ್ಟಿ ಹಿಡಿಯಿರಿ, ನಾಲ್ಕೂ ಕಡೆ ತಾಗಬೇಕು. ಪುಲ್ಲಿಗಳ ನಡುವಿನ ಅಂತರದ ಪ್ರತಿ ಮೀಟರಿಗೆ, ಬೆಲ್ಟ್ ತಯಾರಕರು ಹೇಳಿದ ಬಲದಿಂದ ನಡುವೆ ಒತ್ತಿದಾಗ 16 ಮಿಲಿಮೀಟರ್ ತಗ್ಗಬೇಕು. ಹಲವು ಬೆಲ್ಟುಗಳ ಸಾಲಿನಲ್ಲಿ ಒಂದು ಹರಿದರೂ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಹಳೆಯವು ಹಿಗ್ಗಿರುತ್ತವೆ, ಹೊಸ ಒಂದೇ ಬೆಲ್ಟ್ ಇಡೀ ಭಾರ ಹೊರಬೇಕಾಗುತ್ತದೆ. ಜಾರುತ್ತದೆಂದು ವಿಪರೀತ ಬಿಗಿದರೆ ಪುಲ್ಲಿ ಕಡೆಯ ಬೇರಿಂಗ್ ಹೋಗುತ್ತದೆ. ಬೆಲ್ಟ್ ಪುಲ್ಲಿಯ ಗ್ರೂವಿನ ತಳಕ್ಕೆ ತಾಗಿ ಹೊಳೆಯುತ್ತಿದ್ದರೆ ಸವೆದಿರುವುದು ಪುಲ್ಲಿ. ಅದನ್ನೇ ಬದಲಿಸಬೇಕು.

ಸೆನ್ಸರ್, ಗಾಳಿ

ಮೋಟಾರು ಸರಿಯಿದ್ದೂ ಯಂತ್ರ ಮುಂದಿನ ಹಂತಕ್ಕೆ ಹೋಗದಿದ್ದರೆ ಪಿಎಲ್‌ಸಿಯ (ಯಂತ್ರದ ಹಂತಗಳನ್ನು ನಡೆಸುವ ಕಂಟ್ರೋಲರ್) ಇನ್‌ಪುಟ್ ದೀಪಗಳನ್ನು ನೋಡಿ. ಸಾಮಾನ್ಯ ಮೂರು ತಂತಿಯ ಸೆನ್ಸರಿನಲ್ಲಿ ಕಂದು 24 ವೋಲ್ಟ್, ನೀಲಿ ಸೊನ್ನೆ, ಕಪ್ಪು ಸಿಗ್ನಲ್. ಸೆನ್ಸರಿನ ಸ್ವಂತ ದೀಪ ಹೊತ್ತಿಯೂ ಪಿಎಲ್‌ಸಿ ದೀಪ ಹೊತ್ತದಿದ್ದರೆ ಕೇಬಲ್ ಕಡಿದಿದೆ, ಇಲ್ಲವೇ ಪಿಎನ್‌ಪಿ (ಸಿಗ್ನಲ್ಲಿಗೆ 24 ವೋಲ್ಟ್ ಕೊಡುವ) ಸೆನ್ಸರಿನ ಜಾಗಕ್ಕೆ ಎನ್‌ಪಿಎನ್ (ಸೊನ್ನೆಗೆ ಎಳೆಯುವ) ಬಂದಿದೆ. ಉಕ್ಕಿನ ಬದಲು ಅಲ್ಯೂಮಿನಿಯಂ ತುಂಡನ್ನು ಗುರುತಿಸಬೇಕಾದಾಗ ಸಾಮಾನ್ಯ ಇಂಡಕ್ಟಿವ್ ಸೆನ್ಸರಿನ ದೂರ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ಸಿಲಿಂಡರ್ ಚಲಿಸದಿದ್ದರೆ, ಕೈಕಾಲು ದೂರವಿಟ್ಟು, ವಾಲ್ವಿನ ಮ್ಯಾನುಯಲ್ ಒತ್ತುಗುಂಡಿ ಒತ್ತಿ. ಆಗ ಚಲಿಸಿದರೆ ತೊಂದರೆ ವಿದ್ಯುತ್ ಕಡೆ, ಚಲಿಸದಿದ್ದರೆ ಗಾಳಿ ಕಡೆ ಅಥವಾ ಸಿಲಿಂಡರಿನಲ್ಲಿ.

ಮತ್ತೆ ಶುರು ಮಾಡುವಾಗ

ಗಾರ್ಡ್ ಹಾಕಿ, ಉಪಕರಣಗಳನ್ನು ಎಣಿಸಿ, ಹಾಕಿದವರೇ ಬೀಗ ತೆಗೆಯಲಿ. ಜೋಡಿಸುವ ಮುನ್ನವೇ ತಿರುಗುವ ದಿಕ್ಕು ನೋಡಿಕೊಳ್ಳಿ. ಕೆಲವು ಪಂಪುಗಳ ಇಂಪೆಲರ್ ಹಿಂದಕ್ಕೆ ತಿರುಗಿದರೆ ಬಿಚ್ಚಿಕೊಳ್ಳುತ್ತದೆ. ಮೊದಲ ಅರ್ಧ ಗಂಟೆ ಯಂತ್ರದ ಬಳಿಯೇ ಇದ್ದು ಮೂರು ಫೇಸ್ ಕರೆಂಟ್, ಎರಡೂ ಬೇರಿಂಗುಗಳ ಉಷ್ಣತೆ, ಮೋಟಾರಿನ ಮೈ ಉಷ್ಣತೆಯನ್ನು ಹತ್ತು ನಿಮಿಷಕ್ಕೊಮ್ಮೆ ಬರೆಯಿರಿ. ಉಷ್ಣತೆ ಏರುತ್ತಾ ಹೋಗಿ ಒಂದು ಮಟ್ಟದಲ್ಲಿ ನಿಲ್ಲಬೇಕು. ನಿಲ್ಲದೆ ಏರುತ್ತಲೇ ಇದ್ದರೆ ಯಂತ್ರ ನಿಲ್ಲಿಸಿ. ಈ ಅಂಕಿಗಳನ್ನು, ಟ್ರಿಪ್ಪಿಗೆ ಸಿಕ್ಕ ಕಾರಣವನ್ನು, ರಿಲೇ ಎಷ್ಟಕ್ಕೆ ಇಟ್ಟಿದ್ದೀರಿ ಎಂಬುದನ್ನು ಪ್ಯಾನೆಲ್ ಬಾಗಿಲ ಒಳಬದಿಯ ಹಾಳೆಯಲ್ಲಿ ದಿನಾಂಕದೊಂದಿಗೆ ಬರೆದಿಡಿ. ಮುಂದಿನ ಸಲ ಬಾಗಿಲು ತೆರೆಯುವವರಿಗೆ ಹೋಲಿಸಿ ನೋಡಲು ಬೇಕಾಗುವುದು ಆ ಹಾಳೆಯೇ.